ಸಮುದ್ರಕ್ಕೆ ಎತ್ತಿದ ಚೀಟಿ

ಎಂಟನೇ ತರಗತಿಯ ಸಮಾಜ ಪಾಠದಲ್ಲಿ ಗ್ರೀಕರ ದೇವತೆಗಳಿಗೆ ಸಿಕ್ಕಿದ್ದು ಎರಡೋ ಮೂರೋ ಸಾಲು. ಓದಿ ಮುಗಿಸಿ ಮುಂದೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನಗೆ ಕಥೆ ಹೇಳುವ ಚಟ. ಕಡೂರಿನಿಂದ ಬಂದು ಅಜ್ಜಂಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ಪಾಠ ಚೆನ್ನಾಗಿ ಮಾಡುತ್ತೇನೆಂಬ ಜಂಬ ಬೇರೆ.

ಹಾಗಾಗಿ ಹೇಳಿದೆ. ಮೂವರು ಅಣ್ಣತಮ್ಮಂದಿರು ಅಪ್ಪನನ್ನು ಸೋಲಿಸಿ ಜಗತ್ತನ್ನು ಪಾಲು ಮಾಡಿಕೊಂಡರು. ಜಗಳ ಬೇಡವೆಂದು ಚೀಟಿ ಎತ್ತಿದರು. ಕಿರಿಯವನಾದ ಜ್ಯೂಸ್‌ಗೆ ಆಕಾಶ ಬಂತು, ಅವನ ಅಣ್ಣ ಪೊಸೈಡನ್‌ಗೆ ಸಮುದ್ರ, ಇನ್ನೊಬ್ಬನಿಗೆ ಪಾತಾಳ. ಭೂಮಿ ಮಾತ್ರ ಮೂವರದೂ, ಜಂಟಿ ಖಾತೆ. ಮಕ್ಕಳು ನಕ್ಕರು.

ಎರಡನೇ ಬೆಂಚಿನ ಒಬ್ಬಳು ನಗಲಿಲ್ಲ. ಅವಳಪ್ಪ ಬುಕ್ಕಾಂಬುಧಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ. ನೀರಿನ ಸುದ್ದಿ ಬಂದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು.

"ಮಿಸ್, ಸಮುದ್ರದ ದೇವ್ರು ಅಣ್ಣ ಅಂದ್ರಲ್ಲ. ತಮ್ಮನಿಗೆ ಮೇಲಿಂದು, ಅಣ್ಣನಿಗೆ ಕೆಳಗಿಂದು. ಅವ್ನು ಸುಮ್ನೆ ಒಪ್ಕೊಂಡ್ಬಿಟ್ನಾ?"

"ಗೊಣಗಿದ," ಅಂದೆ. ಒಂದು ದೊಡ್ಡ ಯುದ್ಧದಲ್ಲಿ ಅಣ್ಣ ಕೈ ಹಾಕಿದ್ದನ್ನು ನೋಡಿ ತಮ್ಮ ಆಕಾಶದಿಂದ ದೂತಿಯ ಕೈಲಿ ಹೇಳಿ ಕಳಿಸಿದ, ಯುದ್ಧ ಬಿಟ್ಟು ನಿನ್ನ ನೀರಿಗೆ ಹೋಗು ಅಂತ. ಅಣ್ಣನಿಗೆ ಪಿತ್ತ ನೆತ್ತಿಗೇರಿತು. ನಾವೆಲ್ಲ ಸಮಪಾಲಿನವರು, ಅವನು ಅವನ ಪಾಲು ನೋಡಿಕೊಳ್ಳಲಿ ಎಂದು ಕೂಗಾಡಿದ. ಕೊನೆಗೆ ಸಮುದ್ರಕ್ಕೆ ಇಳಿದು ಹೋದ. "ಯಾಕೆ ಹೇಳಿ? ಚೀಟಿ ಅಂದ್ರೆ ಚೀಟಿ. ಅದ್ರಲ್ಲಿ ಮೋಸ ಇಲ್ಲ." ಇದನ್ನು ನಾನೇ, ಮೇಜು ಕುಟ್ಟಿ ಹೇಳಿದ್ದು.

ಅದೇ ತಿಂಗಳು ಶಾಲೆಯಿಂದ ಮುರುಡೇಶ್ವರಕ್ಕೆ ಪ್ರವಾಸ. ಪಟ್ಟಿಯ ಜವಾಬ್ದಾರಿ ನನ್ನದು. ಕೊನೆಯ ದಿನ ಒಂದು ಸೀಟು ಉಳಿದಿತ್ತು, ಒಪ್ಪಿಗೆ ಪತ್ರ ಎರಡು ಬಂದವು. ಒಂದು ನೀರುಗಂಟಿಯ ಮಗಳದು, ಅಪ್ಪನ ಹೆಬ್ಬೆಟ್ಟಿನ ಗುರುತಿನೊಂದಿಗೆ. ಇನ್ನೊಂದು ಅವಳ ಪಕ್ಕದಲ್ಲೇ ಕೂರುವ ನಮ್ಮ ಮನೆ ಓನರ್ ಮಗಳದು.

ಬಾಡಿಗೆ ಮನೆಯಲ್ಲಿರುವವರಿಗೆ ಓನರ್ ಹೆಂಡತಿಯೇ ದೇವರು. ಬೋರ್‌ವೆಲ್ ಮೋಟರಿನ ಸ್ವಿಚ್ ಆಕೆಯ ಅಡುಗೆಮನೆಯಲ್ಲಿತ್ತು. ಒಳ್ಳೆಯ ಹೆಂಗಸು, ವಾರಕ್ಕೆರಡು ಸಲ ಮಜ್ಜಿಗೆ ಕಳಿಸುತ್ತಿದ್ದರು. ಅಂದು ಬೆಳಿಗ್ಗೆ ಕಾಂಪೌಂಡಿನ ಹತ್ತಿರ ನಿಂತು, "ನೀವಿದೀರಲ್ಲ ಅಂತ ಧೈರ್ಯವಾಗಿ ಕಳಿಸ್ತಿದೀವಿ ಕಣ್ರೀ ಟೀಚರ್," ಅಂದಿದ್ದರು. ಸೀಟು ಖಾಲಿಯಿಲ್ಲವೆಂದು ಸಂಜೆ ಹೋಗಿ ಆ ಮುಖಕ್ಕೆ ಹೇಳುವ ಧೈರ್ಯ ನನಗಿರಲಿಲ್ಲ. ಆಕೆ ಬೆದರಿಸಿರಲಿಲ್ಲ, ಕೇಳಿಯೂ ಇರಲಿಲ್ಲ. ಹೆದರಿದ್ದು ನಾನೇ.

"ಚೀಟಿ ಎತ್ತೋಣ ಮಿಸ್," ಎಂದು ಇಡೀ ಕ್ಲಾಸು ಕೂಗಿತು. ಬೇರೇನು ಕೂಗುತ್ತಾರೆ, ನಾನು ಕಲಿಸಿದ್ದೇ ಅದು.

ಹಾಜರಿ ಪುಸ್ತಕದ ಮರೆಯಲ್ಲಿ ಎರಡು ಚೀಟಿ ಬರೆದೆ. ಎರಡರಲ್ಲೂ ಓನರ್ ಮಗಳ ಹೆಸರನ್ನೇ ಬರೆದೆ. ಅದನ್ನು ನೆನೆದರೆ ಈಗ ಅಸಹ್ಯವಾಗುತ್ತದೆ. ಮಡಚಿ, ಸೀಮೆಸುಣ್ಣದ ಡಬ್ಬಿಗೆ ಹಾಕಿ ಅಲ್ಲಾಡಿಸಿ, ನಾಳೆ ಯಾರೂ ತಕರಾರು ತೆಗೆಯಬಾರದೆಂದು ನೀರುಗಂಟಿಯ ಮಗಳ ಮುಂದೆಯೇ ಹಿಡಿದೆ. "ನೀನೇ ಎತ್ತಮ್ಮ."

ಅವಳು ಚಪ್ಪಲಿ ಬಿಟ್ಟು ಬಂದಳು. ಕಣ್ಣು ಮುಚ್ಚಿ ಏನೋ ಮಣಮಣಿಸಿ, ಒಂದನ್ನು ಎತ್ತಿ, ಬಿಚ್ಚಿ, ಗೆಳತಿಯ ಹೆಸರನ್ನು ಗಟ್ಟಿಯಾಗಿ ಓದಿದಳು.

"ಇನ್ನೊಂದು ಬಿಚ್ಚಿ ಮಿಸ್," ಎಂದು ಹಿಂದಿನಿಂದ ಯಾರೋ ಅಂದರು. ನಮ್ಮ ಮನೆಯಲ್ಲಿ ವೀರಭದ್ರ ದೇವರ ಮುಂದೆ ಚೀಟಿ ಹಾಕಿದಾಗ ಅಜ್ಜಿ ಹೇಳುತ್ತಿದ್ದ ಮಾತು ಬಾಯಿಗೆ ಬಂತು: "ಎತ್ತಿದ ಮೇಲೆ ಉಳಿದಿದ್ದನ್ನ ಬಿಚ್ಚಬಾರ್ದು ಕಣ್ರೋ. ದೇವ್ರ ಮೇಲೆ ಅನುಮಾನ ಪಟ್ಟಂಗಾಗುತ್ತೆ." ಹಳ್ಳಿಯ ಮಕ್ಕಳು, ಅವರ ಮನೆಗಳಲ್ಲೂ ಅದೇ ಮಾತು. ತಲೆಯಾಡಿಸಿ ಕೂತರು. ಅಜ್ಜಿ ಭಕ್ತಿಯಿಂದ ಆಡುತ್ತಿದ್ದ ಮಾತನ್ನು ನಾನು ಕಳ್ಳತನ ಮುಚ್ಚಲು ಬಳಸಿದೆ. ಉಳಿದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಆ ಹುಡುಗಿ ನನ್ನ ಮುಖ ನೋಡಲಿಲ್ಲ, ಮುಷ್ಟಿಯನ್ನೇ ನೋಡುತ್ತಾ ನಿಂತಿದ್ದಳು.

"ಹೋಗ್ಲಿ ಬಿಡಿ ಮಿಸ್," ಅಂದಳು ಆಮೇಲೆ. "ಸಮುದ್ರ ನಮ್ಮ ಕೆರೆಗಿಂತ ದೊಡ್ಡದಿರುತ್ತಾ ಅಂತ ನೋಡ್ಬೇಕಿತ್ತು, ಅಷ್ಟೇಯ."

ಬಸ್ಸು ತರೀಕೆರೆ ದಾಟುವವರೆಗೂ ಮಕ್ಕಳು ಹಾಡಿದರು. ಓನರ್ ಮಗಳು ಘಾಟಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು, ಸಮುದ್ರ ಕಂಡ ಕೂಡಲೇ ಎಲ್ಲ ಮರೆತು ಮೊಣಕಾಲುದ್ದ ನೀರಿಗೆ ಓಡಿದಳು. ಆ ಮಗುವಿನ ಸಂತೋಷದಲ್ಲಿ ಏನೂ ತಪ್ಪಿರಲಿಲ್ಲ. ನಾನು ಮಾತ್ರ ನೀರಿಗೆ ಬೆನ್ನು ಹಾಕಿ, ಮಕ್ಕಳ ಚಪ್ಪಲಿ ಕಾಯುತ್ತಾ ಕೂತೆ. ಬರುವಾಗ ಒಂದು ದೊಡ್ಡ ಶಂಖ ಕೊಂಡುಕೊಂಡೆ. ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತವಂತೆ.

ನೀರುಗಂಟಿಯ ಮಗಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ಥ್ಯಾಂಕ್ಸ್ ಮಿಸ್," ಅಂದವಳು ಹೋಗಲಿಲ್ಲ.

"ಮಿಸ್, ನಮ್ಮಣ್ಣನ ಮೊಬೈಲಲ್ಲಿ ಆ ದೇವ್ರುಗಳ ಕಥೆ ನೋಡ್ದೆ. ಇನ್ನೊಂದು ಥರಾನೂ ಹೇಳ್ತಾರಂತೆ. ಚೀಟಿನೇ ಎತ್ಲಿಲ್ವಂತೆ. ಆಕಾಶದ ದೇವ್ರೇ ರಾಜ ಆಗಿ, ಯಾರ್‍ಯಾರಿಗೆ ಏನೇನು ಅಂತ ಅವ್ನೇ ಹಂಚ್ಬಿಟ್ನಂತೆ. ಯಾವ್ದು ನಿಜ ಮಿಸ್?"

ಆ ಇನ್ನೊಂದು ಕಥೆ ನನಗೂ ಗೊತ್ತಿತ್ತು. ಮಕ್ಕಳಿಗೆ ಗೊಂದಲ ಯಾಕೆಂದು ಬಿಟ್ಟಿದ್ದೆ. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತವರ ಹಾಗೆ ಕಾಯುತ್ತಿದ್ದಳು. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು: ತಪ್ಪು ಮಾಡಿದೆ ಕಣಮ್ಮ. ಹದಿಮೂರು ವರ್ಷದ ಹುಡುಗಿಗೆ ಅಷ್ಟು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಸಿಟ್ಟು ಮಾತ್ರ ಎದ್ದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

"ಮೊಬೈಲಲ್ಲಿ ಬಂದಿದ್ದೆಲ್ಲ ವೇದ ಏನೇ? ಅಧಿಕಪ್ರಸಂಗ ಬಿಟ್ಟು ಓದ್ಕೋ ಹೋಗು. ಪರೀಕ್ಷೆಗೆ ಬಂದ್ರೆ ಚೀಟಿ ಎತ್ತಿದ್ರು ಅಂತಾನೇ ಬರೀಬೇಕು. ತಿಳೀತಾ?"

"ತಿಳೀತು ಮಿಸ್."

ಪ್ರಶ್ನೆಪತ್ರಿಕೆ ತಯಾರಿಸುವವಳೂ ನಾನೇ. ಆ ಪ್ರಶ್ನೆಯನ್ನು ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಅವಳಿಗೆ ಗೊತ್ತಾಗುತ್ತದೆ ಎಂದು ಹೆದರಿ ಹಾಕಿದೆ: ಜ್ಯೂಸ್‌ಗೆ ಆಕಾಶವೂ ಪೊಸೈಡನ್‌ಗೆ ಸಮುದ್ರವೂ ಹೇಗೆ ಬಂದವು? ಎರಡು ಅಂಕ.

ಅವಳ ಉತ್ತರಪತ್ರಿಕೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಗುಂಡಗಿನ ಅಕ್ಷರ, ಒಂದೂ ಕಾಟು ಹೊಡೆದಿರಲಿಲ್ಲ. 'ಚೀಟಿ ಎತ್ತಿದರು ಎಂದು ಬರೆಯಬೇಕೆಂದು ಮಿಸ್ ಹೇಳಿದ್ದಾರೆ.'

ಅಷ್ಟೇ ಉತ್ತರ. ಕೆಂಪು ಪೆನ್ನು ಹಿಡಿದು ಮತ್ತೆ ಮತ್ತೆ ಓದಿದೆ. ತಪ್ಪು ಹಾಕಲು ಅದರಲ್ಲಿ ಏನೂ ಸಿಗಲಿಲ್ಲ. ಎರಡಕ್ಕೆ ಎರಡು ಕೊಟ್ಟೆ.