ಒಳಗೆ ತೂಗುಹಾಕಿದ ಬೋರ್ಡು

ದುಮ್ಮವಾಡ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಪಕ್ಕದ ಊರಿನವರು ತಾವು ಬಹಳ ಸಾಚಾ ಅಂದುಕೊಂಡಾರು. ನೆರಳು ಹುಡುಕುತ್ತ ಹನುಮಂತದೇವರ ಗುಡಿಗೆ ಹೋದೆ. ಪೂಜಾರಿ ಕಾಕಾ ನೀವು ಯಾರು ಎಂದೂ ಕೇಳದೆ, "ಬರ್ರಿ ಒಳಗ, ತಂಪೈತಿ" ಎಂದರು. ನನ್ನ ಇಸ್ತ್ರಿ ಅಂಗಿಯೇ ಉತ್ತರ ಹೇಳಿರಬೇಕು.

ಒಳಗಿನ ಗೋಡೆಯ ಮೇಲೆ ಹೊಸ ಬೋರ್ಡು: 'ಈ ಗುಡಿಗೆ ಎಲ್ಲ ಜಾತಿಯವರಿಗೂ ಪ್ರವೇಶವಿದೆ.' ಖುಷಿಯಾಯಿತು.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, ತೆಂಗಿನಕಾಯಿಯನ್ನು ಹೊರಗಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದು ಬಿಸಿಲಲ್ಲಿ ನಿಂತಳು. ಕಾಕಾ ಅದನ್ನು ಎತ್ತಿಕೊಂಡು ಒಡೆದು, ಒಂದು ಹೋಳನ್ನು ಮೇಲಿನಿಂದ ಅವಳ ಸೆರಗಿಗೆ ಹಾಕಿದರು.

"ಅಕಿನ್ನ ಯಾಕ ಒಳಗ ಬಿಡೂದಿಲ್ರಿ?" ಎಂದೆ.

"ನಾವೆಲ್ಲಿ ಬ್ಯಾಡ ಅಂದೇವ್ರಿ? ಬೋರ್ಡ ಹಾಕೇವಲ್ರಿ. ಆ ಓಣಿಯವರು ತಾವ ಬರೂದಿಲ್ಲ."

"ಹಂಗಾದ್ರ ಬೋರ್ಡ ಹೊರಗ ಹಾಕಬೇಕಲ್ರಿ?"

"ಮಳಿಗೆ ಬಣ್ಣ ಹೋಗ್ತೈತ್ರಿ."

ಮೈ ಉರಿಯಿತು. ಇಂಥವರ ಜೊತೆ ವಾದ ಮಾಡುವುದಾದರೂ ಹೇಗೆ? ಹೊರಗೆ ಬಂದು ಚಪ್ಪಲಿ ಮೆಟ್ಟಿದೆ. ಆ ಹೆಂಗಸಿಗಾದರೂ ವಿಷಯ ತಿಳಿಸೋಣವೆಂದು, "ಅಕ್ಕಾರ, ಒಳಗ ಬೋರ್ಡ ಹಾಕ್ಯಾರ್ರಿ, ಎಲ್ಲಾರೂ ಬರಬಹುದು ಅಂತ" ಎಂದೆ.

"ಗೊತ್ತೈತ್ರಿ," ಎಂದಳು. "ಆ ಬೋರ್ಡ ಬರದವರ ನಮ್ಮ ಮನಿಯವರು. ಅಲ್ಲೇ ಆ ಬೇವಿನ ಗಿಡದ ಬುಡಕ ಕುಂತು ಬರದ್ರು."

ಆಮೇಲೆ ಒಮ್ಮೆ ಬಾಗಿಲ ಕಡೆ ನೋಡಿ ಕೇಳಿದಳು:

"ಒಳಗ ಎಲ್ಲಿ ಹಾಕ್ಯಾರ್ರಿ?"