ಗಂಟಲ ಮೇಲಿನ ಗೆರೆ

ಬೆಳಿಗ್ಗೆ ನಮ್ಮ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಫೋಟೋ ಹಾಕಿದರು. ಹಿತ್ತಲ ಗೋಡೆ, ಅದರ ಮೇಲೊಂದು ಮಸುಕು ಗಿಡುಗ. ನನ್ನ ಚಹಾ ಆರುವುದರೊಳಗೆ ಪಂಡಿತರು ಇಳಿದರು. ಶಿಕ್ರಾ ಎಂದು ಒಬ್ಬರು, ಸ್ಪ್ಯಾರೋಹಾಕ್ ಎಂದು ಇನ್ನೊಬ್ಬರು. ಮೊಳದುದ್ದದ ಲೆನ್ಸ್ ಇದ್ದವರಿಗೆ ಕಣ್ಣು ಬೇಕಿಲ್ಲ, ನೋಡಿ. ಈ ಜನ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ಇವರಲ್ಲೆಲ್ಲ ಅಸಹನೀಯ ಪಂಡಿತ ನಾನೇ ಆಗಿದ್ದೆ.

ಆಗ ನಾವು ಗಲ್ಫಿನಲ್ಲಿ, ಬನಿಯಾಸ್‌ನ ಒಂದು ಹಳೆಯ ವಿಲ್ಲಾದಲ್ಲಿದ್ದೆವು. ಮುಂದಿನ ಭಾಗ ನಮ್ಮದು, ಹಿಂದಿನ ಎರಡು ಕೋಣೆ ಮಂಗಳೂರಿನ ನರ್ಸ್ ಲಿಲ್ಲಿಬಾಯಿಯವರದು, ಬೇವಿನ ಮರವಿದ್ದ ಹಿತ್ತಲು ಇಬ್ಬರದೂ. ಒಂದು ಮಾರ್ಚಿನಲ್ಲಿ ಆ ಮರಕ್ಕೆ ಗಿಡುಗವೊಂದು ಬರತೊಡಗಿತು. ಅದೇ ವಾರ ಕೊಂಬೆ ಕಡಿಸುವಂತೆ ಮಾಲೀಕ ವಾಚ್‌ಮ್ಯಾನ್‌ಗೆ ಹೇಳಿದ. ಲಿಲ್ಲಿಬಾಯಿ ನನ್ನ ಬಳಿ ಓಡಿ ಬಂದರು.

"ಸ್ವಲ್ಪ ದಿನ ನಿಲ್ಲಿಸ್ಲಿಕ್ಕೆ ವಾಚ್‌ಮ್ಯಾನ್‌ಗೆ ನೀವು ಹೇಳಿ ಸರ್. ನಾನು ಹೇಳಿದ್ರೆ ಅವ ನೆಗಾಡ್ತಾನೆ. ಅದು ಗೂಡು ಕಟ್ತಾ ಉಂಟು."

"ಅದು ಸ್ಪ್ಯಾರೋಹಾಕ್ ಕಣ್ರೀ. ಚಳಿಗೆ ಬಂದಿರೋದು. ಇನ್ನೊಂದು ವಾರ, ಖಲಾಸ್, ಹೊರಟುಹೋಗುತ್ತೆ. ಇಲ್ಲಿ ಗೂಡು ಕಟ್ಟೋದು ಶಿಕ್ರಾ."

"ಹೆಸರು ಎಂತದೋ ಮಾರಾಯ್ರೆ, ಬಾಯಲ್ಲಿ ಕಡ್ಡಿ ಉಂಟಲ್ಲ! ಹೊರಡುವವರಿಗೆ ಕಡ್ಡಿ ಎಂತಕ್ಕೆ, ಲಗೇಜಿಗೆ ಹಾಕ್ಲಿಕ್ಕಾ?"

ನಾನು ನಕ್ಕು, ಪುಸ್ತಕ ತೆಗೆದು ಪಾಠ ಮಾಡಿದೆ. ಶಿಕ್ರಾಕ್ಕೆ ಗಂಟಲ ನಡುವೆ ಒಂದು ಕಪ್ಪು ಗೆರೆ, ಕಾಲು ಗಿಡ್ಡ, ದಪ್ಪ. ಸ್ಪ್ಯಾರೋಹಾಕ್‌ಗೆ ಆ ಗೆರೆಯಿಲ್ಲ, ಕಾಲು ನೀಳ. ವಾಚ್‌ಮ್ಯಾನ್‌ಗೆ ಏನೂ ಹೇಳಲಿಲ್ಲ. ವೀಸಾ ಮುಗಿದರೆ ಎಲ್ಲರೂ ಹೊರಡುವ ಊರಿನಲ್ಲಿ ಹಕ್ಕಿಯೊಂದು ಸಂಸಾರ ಹೂಡೀತೆಂದು ನನಗೆ ತೋಚಲೇ ಇಲ್ಲ. ಹದಿನೈದು ದಿನ ಕಳೆದು ಕೊಂಬೆಗಳು ಉರುಳಿದವು, ಗೂಡಿನ ಸಮೇತ.

ಒಡೆದ ಮೊಟ್ಟೆ ಮೂರು ಎಂದು ನನ್ನ ನೆನಪು. ಆದರೆ ನೆನಪಿಗೆ ನಾಟಕ ಇಷ್ಟ, ಅದನ್ನು ನಾನು ನಂಬುವುದಿಲ್ಲ. ಡೈರಿಯಲ್ಲಿ ಮೊಟ್ಟೆಯ ಮಾತಿಲ್ಲ. ಇರುವುದು ಕೊಂಬೆ ಬೀಳುವ ಎರಡು ದಿನ ಮೊದಲು ನಾನೇ ಬರೆದ ಒಂದು ಸಾಲು: "ಗಂಟಲಲ್ಲಿ ಗೆರೆ ಇದ್ದಂತಿದೆ. ನೆರಳಿರಬೇಕು." ನೆರಳಂತೆ! ಅಷ್ಟು ದೊಡ್ಡ ಬೇವಿನ ನೆರಳು ಗಿಡುಗದ ಗಂಟಲನ್ನೇ ಹುಡುಕಿಕೊಂಡು ಹೋಗಿ ಬಿತ್ತಂತೆ.

ಲಿಲ್ಲಿಬಾಯಿ ಅಂದು ಕೇಳಿದ್ದು ಒಂದೇ ಮಾತು. "ಈಗ ಪುಸ್ತಕದಲ್ಲಿ ಎಂತ ಉಂಟು ಸರ್?"

ಇವತ್ತಿನ ಫೋಟೋವನ್ನು ಹಿಗ್ಗಿಸಿ ನೋಡಿದೆ. ಗೆರೆಯೋ ನೆರಳೋ ತಿಳಿಯಲಿಲ್ಲ. ಕೊಕ್ಕಿನಲ್ಲಿ ಮಾತ್ರ ಸಣ್ಣದೇನೋ ಇತ್ತು. ಗುಂಪಿಗೆ ಬರೆದೆ: "ಹೆಸರು ಗೊತ್ತಾಗುತ್ತಿಲ್ಲ. ಕಡ್ಡಿ ಕಚ್ಚಿದೆ. ಹತ್ತಿರದ ಮರ ಯಾರೂ ಕಡಿಯದಿರಲಿ."

ತಕ್ಷಣ ಒಬ್ಬರ ಉತ್ತರ: "ಮರ ಆಮೇಲೆ ಸರ್. ಮೊದಲು ಯಾವ ಹಕ್ಕಿ ಅಂತ ಹೇಳಿ."

ನಾನು ಫೋಟೋ ಹಾಕಿದವರಿಗೆ ಫೋನ್ ಮಾಡಿದೆ. "ನಿಮ್ಮ ವಾಚ್‌ಮ್ಯಾನ್ ಇದ್ದಾರಾ? ಒಂದು ನಿಮಿಷ ಅವರಿಗೆ ಕೊಡಿ" ಎಂದೆ.