ಪದಬಂಧದ ಕೌದಿ

ನಮ್ಮ ಅತ್ತೆಯ ಎಡಭುಜದ ಮೇಲೆ, ಕುಪ್ಪಸದ ಅಂಚಿಗೆ, ದಾರ ಪೋಣಿಸಿದ ಸೂಜಿಯೊಂದು ಯಾವಾಗಲೂ ಚುಚ್ಚಿರುತ್ತಿತ್ತು. ಮದುವೆಯಾಗಿ ಬಳ್ಳಾರಿಯಿಂದ ಆಂಧ್ರದ ಆದೋನಿಗೆ ಬಂದ ದಿನ ಕಾಲಿಗೆ ಬಿದ್ದು ಎದ್ದವಳನ್ನು ಅವರು ತಬ್ಬಿಕೊಂಡಾಗ ಅದು ನನ್ನ ಕೆನ್ನೆಗೆ ಚುಚ್ಚಿತು. "ತಡಿ, ತಡಿ, ಈ ಕಡಿ ಬಾ" ಎಂದು ಬಲಭುಜಕ್ಕೆ ಒರಗಿಸಿಕೊಂಡರು. ಅಲ್ಲಿಂದ ನನ್ನ ಜಾಗ ಅದೇ ಆಯಿತು.

ಅವರಿಗೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ಹುಚ್ಚು. ಹಳೆ ಸೀರೆ, ಮಾವನ ಲುಂಗಿ, ದರ್ಜಿ ಬಿಸಾಡಿದ ತುಂಡು, ಯಾವುದನ್ನೂ ಬಿಡುತ್ತಿರಲಿಲ್ಲ. ಒಣಗಲು ಹಾಕಿದ ನನ್ನ ಚೂಡಿದಾರದ ಮೇಲೂ ಒಂದು ಕಣ್ಣು. ಚಿತ್ತಾರಕ್ಕೆ ಮಾತ್ರ ನಮ್ಮ ಯಾರ ಸಲಹೆಯೂ ಬೇಡ. ರದ್ದಿ ಅಂಗಡಿಯಿಂದ ಹಳೆಯ ವಾರಪತ್ರಿಕೆ, ಶಾಲೆಯ ಪುಸ್ತಕಗಳ ಕಟ್ಟು ಹೊತ್ತು ತರುತ್ತಿದ್ದರು. ಮನೆಯಲ್ಲಿ ಆಡುವುದು ಕನ್ನಡವಾದರೂ ಅವರು ಶಾಲೆಯಲ್ಲಿ ಕಲಿತದ್ದು ತೆಲುಗು. ಕನ್ನಡದ ಅಕ್ಷರ ಬಾರದು. ಆದರೂ ಆರಿಸುತ್ತಿದ್ದುದು ಕನ್ನಡ ಪತ್ರಿಕೆಗಳನ್ನೇ.

"ತೆಲುಗು ಆದ್ರ ಓದ್ಕೊಂತ ಕುಂತುಬಿಡ್ತೀನಿ, ಹೊಲಿಯೋ ಕೆಲಸ ಆಗಂಗಿಲ್ಲ. ಇದಾದ್ರ ಬರೇ ನೋಡೋದು."

ಭೂಗೋಳದ ಪುಸ್ತಕದ ಹೊಲಗಳ ಚಿತ್ರ ಒಂದು ಕೌದಿಯಾಯಿತು. ಸಾಬೂನಿನ ಜಾಹೀರಾತಿನಲ್ಲಿದ್ದ ಬಚ್ಚಲುಮನೆಯ ನೆಲ ಇನ್ನೊಂದಾಯಿತು.

ನಾನು ಬಸುರಿಯಾಗಿದ್ದಾಗ ಹಳೆ ಪತ್ರಿಕೆಯೊಂದರ ಪದಬಂಧ ಅವರ ಕಣ್ಣಿಗೆ ಬಿತ್ತು. ಅದೇನೆಂದು ವಿವರಿಸಿದೆ. "ಖಾಲಿ ಮನಿ ತುಂಬೋದಾ? ಬಾಗುಂದಿ, ಚಲೋ ಐತಿ. ಕೂಸಿಗೆ ಇದನ್ನೇ ಹೊಲೀತೀನಿ" ಎಂದರು. ಖಾಲಿ ಮನೆಗಳಲ್ಲಿ ಮನೆಮಂದಿಯ ಬಟ್ಟೆಯ ತುಂಡುಗಳು ಬಂದು ಕೂತವು. ಕಪ್ಪು ಮನೆಗಳಿಗೆ ಬುರ್ಖಾ ಹೊಲಿಯುವ ದರ್ಜಿಯನ್ನು ಕೇಳಿ ತುಂಡು ತಂದರು.

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಆಸ್ಪರಿಯಿಂದ ಬಂದಿದ್ದ ಅತ್ತೆಯ ಅಕ್ಕ ಕೌದಿ ನೋಡಿ ಮುಖ ಸಿಂಡರಿಸಿದರು. "ಹಸಗೂಸಿಗೆ ಕಪ್ಪು ಬಟ್ಟಿ ಹಾಸ್ತಾರೇನೇ? ತಗದಿಡು." ಬಂದ ಹೆಂಗಸರೆಲ್ಲ ಅವರ ಕಡೆಗೇ ತಲೆಯಾಡಿಸಿದರು. ನನಗೂ ಒಳಗೊಳಗೆ ಹೆದರಿಕೆ. ಇದಕ್ಕೆ ಮೊದಲಿನ ಬಸಿರು ನಿಂತಿರಲಿಲ್ಲ. ತಿಂಗಳುಗಟ್ಟಲೆ ಹೊಲಿದದ್ದು ಇನ್ನು ಮೂಲೆ ಸೇರುತ್ತದೆ ಎಂದುಕೊಂಡೆ, ಅತ್ತೆಯ ಮುಖ ನೋಡಲಾಗಲಿಲ್ಲ. ಅವರು ಕೂಸಿನ ಕೆನ್ನೆಯ ಕಾಡಿಗೆಯ ಬೊಟ್ಟಿಗೆ ಬೆರಳು ತೋರಿಸಿದರು.

"ಇದೇನು ಬೆಳ್ಳಗೈತೇನಕ್ಕಾ? ದೃಷ್ಟಿ ಆಗಬಾರದಂತ ನೀ ಒಂದು ಬೊಟ್ಟು ಇಟ್ಟಿ. ನಾ ಕೌದಿ ತುಂಬಾ ಇಟ್ಟೀನಿ."

ಅಕ್ಕನೇ ಮೊದಲು ನಕ್ಕರು. ಮಗಳು ಆ ಕೌದಿಯ ಮೇಲೆಯೇ ಮಲಗಿದಳು. ನನ್ನ ಹೆದರಿಕೆ ಅಂದೇ ಹೋಯಿತೆಂದಲ್ಲ, ಅತ್ತೆ ಪಕ್ಕದಲ್ಲಿದ್ದರೆ ಅದು ಅಷ್ಟು ದೊಡ್ಡದೆನಿಸುತ್ತಿರಲಿಲ್ಲ. ಹೆತ್ತ ತಾಯಿಯ ಹತ್ತಿರವೂ ನಾನು ಅಷ್ಟು ನಿಶ್ಚಿಂತೆಯಾಗಿ ಇದ್ದವಳಲ್ಲ.

ಹೋದ ಚಳಿಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದರು. ಮೈ ನಡುಗುತ್ತಿತ್ತೆಂದು ಕೈಗೆ ಸಿಕ್ಕ ಮಗಳ ಕೌದಿಯನ್ನೇ ಹೊದಿಸಿದೆ. ಅದನ್ನು ಪಕ್ಕಕ್ಕೆ ತಳ್ಳಿದರು.

"ತಗಿಯವ್ವಾ. ನಾ ಹೋದಮ್ಯಾಲೆ ಹಾಸಿದ್ದು ಹೊದ್ದಿದ್ದು ಎಲ್ಲಾ ಊರ ಹೊರಗ ಬಿಟ್ಟು ಬರ್ತೀರಿ. ಇದು ಕೂಸಿಂದು. ನನಗ ಅಂಗಡಿ ರಗ್ಗು ಸಾಕು."

ಊರಿಗೆಲ್ಲ ಕೌದಿ ಹೊದಿಸಿದವರು ಅಂಗಡಿಯ ರಗ್ಗಿನಲ್ಲಿ ಹೋದರು. ಮಗಳಿಗೆ ಈಗ ಆ ಕೌದಿ ಸಾಲದು. ದೊಡ್ಡದೊಂದನ್ನು ಕೊಟ್ಟರೆ ಒಲ್ಲೆ ಎನ್ನುತ್ತಾಳೆ, ಕಾಲು ಮಡಿಚಿಕೊಂಡು ಆ ಹಳೆಯದರೊಳಗೇ ಮಲಗುತ್ತಾಳೆ.